ಅಮಾವಾಸ್ಯೆಗೊಮ್ಮೆ ನೋಡಿದ ಕೈ

ಇವತ್ತಿನ ಪ್ರವಚನದಲ್ಲಿ ಶ್ರೀಮಂತನೊಬ್ಬನ ಸಂಗತಿ ಹೇಳುತ್ತೇನೆ, ಕೇಳಿ. ಊರ ಹೆಸರು ಬೇಡ, ನಿಮ್ಮೂರೇ ಅಂದುಕೊಳ್ಳಿ. ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿ. ಒಬ್ಬಳೇ ಮಗಳು, ನೀಲವ್ವ, ಆರು ವರ್ಷ. ಕೂಸಾಗಿದ್ದಾಗಿನಿಂದ ಅವಳಿಗೆ ಮೊಣಕೈ ಮಡಿಕೆಯಲ್ಲಿ, ಮುಂಗೈಯಲ್ಲಿ ಇಸುಬು. ಚರ್ಮ ಒಣಗಿ ಬಿರಿಯುತ್ತಿತ್ತು, ಕೆರೆದರೆ ರಕ್ತ. ಮನೆಯವರದೆಲ್ಲ ದಿನವಿಡೀ ಒಂದೇ ಮಾತು, ಕೆರೀಬ್ಯಾಡ. ನೋಡಿ, ಆ ಮಗು ತನ್ನ ಹೆಸರಿಗಿಂತ ಆ ಮಾತನ್ನೇ ಹೆಚ್ಚು ಸಲ ಕೇಳಿತ್ತು.

ಅಂಗಡಿಯಲ್ಲಿ ಅಮಾವಾಸ್ಯೆಗೊಮ್ಮೆ ಪೂಜೆ. ಕೊಬ್ಬರಿ ಸಕ್ಕರೆಯ ತಟ್ಟೆ ಹಿಡಿದು ತಾನೇ ಪ್ರಸಾದ ಹಂಚಬೇಕೆಂದು ನೀಲವ್ವನ ಆಸೆ. ಒಮ್ಮೆ ಹೊರಟೂಬಿಟ್ಟಳು. ಎದುರು ಅಂಗಡಿಯ ಅಜ್ಜಿ ಕೈ ಚಾಚಿದಳು, ಮಗುವಿನ ಮುಂಗೈ ನೋಡಿದಳು, ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಅಲ್ಲೇ ಇಟ್ಟು ಹೋಗವಾ, ಆಮ್ಯಾಲೆ ತಗೋತೀನಿ."

ಅಂದಿನಿಂದ ಪೂಜೆಯ ದಿನ ಮಗು ಬಟ್ಟೆ ಗಂಟುಗಳ ಹಿಂದೆ ಅಡಗಿ ಕೂರತೊಡಗಿತು.

ತಂದೆ ಏನು ಮಾಡಿದ? ಅವಳನ್ನು ಎಳೆತಂದು, ತೋಳು ಏರಿಸಿ, ಬಂದ ಗಿರಾಕಿಗೆಲ್ಲ ತೋರಿಸಿದ. ಔಷಧ ಗೊತ್ತಿದ್ದರೆ ಹೇಳಿ ಅಂದ. ಕೇಳಿದ ಮೇಲೆ ಸುಮ್ಮನಿರುತ್ತಾರೆಯೇ ನಮ್ಮ ಜನ? ಸೀರೆ ಆರಿಸಲು ಮೂರು ತಾಸು ಬೇಕು, ಔಷಧ ಹೇಳಲು ಮೂರು ನಿಮಿಷವೂ ಬೇಡ! ಸುಣ್ಣ ಅಂದರು, ನಿಂಬೆರಸ ಅಂದರು. ಎಲ್ಲವನ್ನೂ ಹಚ್ಚಿದ. ಮಗು ಉರಿ ತಾಳದೆ ಅತ್ತಿತು. ಎಂಟು ದಿನಕ್ಕೊಬ್ಬ ವೈದ್ಯ. ತುಸು ಮಾಸಿದರೆ ಮುಲಾಮು ಬಿಡುವುದು, ಮರುಕಳಿಸಿದರೆ ವೈದ್ಯನನ್ನು ಬೈಯುವುದು.

ಕಡೆಗೆ ಚರ್ಮದ ಡಾಕ್ಟರಮ್ಮ ಒಬ್ಬರು ಸಿಕ್ಕರು. ಇದು ಅಂಟುವ ರೋಗವಲ್ಲ, ಬರುತ್ತದೆ ಹೋಗುತ್ತದೆ, ಎಷ್ಟೋ ಮಕ್ಕಳಿಗೆ ಬೆಳೆಯುತ್ತ ಕಡಿಮೆಯಾಗುತ್ತದೆ ಅಂದರು. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಮೈ ಹಸಿ ಇರುವಾಗಲೇ ಮುಲಾಮು, ಮೆತ್ತನೆಯ ಹತ್ತಿ ಬಟ್ಟೆ. ವಾಸಿಯಾದಂತೆ ಕಂಡರೂ ಬಿಡುವಂತಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದರು.

"ಸಾಹುಕಾರ್ರ, ಕೈ ಅಮಾಸಿಗೊಮ್ಮೆ ನೋಡ್ರಿ ಸಾಕು. ದಿನಾ ಮುಲಾಮು ಹಚ್ಚುವಾಗ ಆಕಿ ಮಾರಿ ನೋಡ್ರಿ."

ದಿನಾ ಹಚ್ಚಿದ. ಮುಖ ನೋಡುತ್ತ ಹಚ್ಚಿದ. ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ ಎಂಬುದು ಆಗ ಅವನಿಗೆ ಗೊತ್ತಾಯಿತು! ಮೊದಲ ಅಮಾವಾಸ್ಯೆಗೆ ಕೈ ಹಾಗೇ ಇತ್ತು. ಚಳಿಗಾಲದಲ್ಲಿ ಇನ್ನೂ ಕೆಟ್ಟಿತು. ಸಾಕಾಗಿ ಮುಲಾಮು ಬಿಸಾಡಲು ಹೊರಟ. ಮಗಳೇ ತೋಳು ಮುಂದೆ ಚಾಚಿ ಕೂತಳು. ಮತ್ತೆ ಹಚ್ಚಿದ. ವರ್ಷ ಕಳೆಯಿತು, ನಾಲ್ಕು ವರ್ಷ ಕಳೆದವು. ಒಂದು ಅಮಾವಾಸ್ಯೆ ಅವನಿಗೆ ಕೈ ನೋಡುವುದೇ ಮರೆತುಹೋಯಿತು.

ಕೇಳಿದಿರಾ? ಮರೆತೇ ಹೋಯಿತು!

ಅವತ್ತು ನೀಲವ್ವ ಗಿಡ್ಡ ತೋಳಿನ ಪೋಲಕ ತೊಟ್ಟು, ಗಂಟುಗಳ ಹಿಂದಿನಿಂದ ಎದ್ದು ಬಂದು ತಟ್ಟೆ ಎತ್ತಿಕೊಂಡಳು. ನೆಟ್ಟಗೆ ಅದೇ ಅಜ್ಜಿಯ ಮುಂದೆ ನಿಂತಳು. "ಕೈ ಚಾಚ್ರಿ ಅಜ್ಜಿ. ಇಲ್ಲೊಂದು ಚೂರು ಇನ್ನೂ ಐತಿ, ನೋಡ್ರಿ. ಅದು ಅಂಟೂದಿಲ್ಲ."

ಅಜ್ಜಿ ಎರಡೂ ಕೈ ಚಾಚಿದಳು. ಗಿರಾಕಿಗಳ ಎದುರೇ ಆ ಸಾಹುಕಾರ ಸಂತೋಷದಿಂದ ಬಿಕ್ಕಿ ಬಿಕ್ಕಿ ಅತ್ತ. ಗೆದ್ದಳು ಕಣ್ರಪ್ಪ ಆ ಹುಡುಗಿ!

ಈಗ ನಿಮ್ಮ ಸರದಿ. ನಗುತ್ತಿದ್ದೀರಿ, ಆದರೆ ಕಂಡವರ ಮಕ್ಕಳಿಗೆ ಸುಣ್ಣ ಹೇಳಿದವರು ಇಲ್ಲೇ ಕೂತಿದ್ದೀರಿ. ಸೆರಗಿನೊಳಗೆ ಕೈ ಎಳೆದುಕೊಂಡವರೂ ಇದ್ದೀರಿ. ನಾಳೆಯಿಂದ ಆ ಕೆಲಸ ಬಿಡಿ. ನಿಮ್ಮ ಮನೆಯಲ್ಲೇ ಅಂಥ ಮಗು ಇದ್ದರೆ, ಕೆರೀಬ್ಯಾಡ ಅನ್ನುವ ಬದಲು ಹೆಸರು ಹಿಡಿದು ಕರೆಯಿರಿ. ಡಾಕ್ಟರು ಹೇಳಿದ್ದನ್ನು ದಿನಾ ಮಾಡಿ, ಬೇಸರವಾದ ದಿನವೂ ಮಾಡಿ.

ಇವತ್ತು ಬಾಗಿಲಲ್ಲಿ ಪ್ರಸಾದ ಹಂಚಲು ಏಳು ವರ್ಷದ ಹುಡುಗಿಯೊಬ್ಬಳು ನಿಂತಿದ್ದಾಳೆ. ಅವಳ ಕೈ ಹೇಗಿದೆ ಎಂದು ನಾನು ಹೇಳುವುದಿಲ್ಲ. ನೀವೂ ನೋಡಬೇಡಿ. ಮುಖ ನೋಡಿ, ಎರಡೂ ಕೈ ಚಾಚಿ.