ಮೂರನೇ ಮಗುವಿನ ಹೆಸರು

ಮೂರನೇ ಮಗುವಿನ ಹೆಸರು ಹೆಂಡತಿಯದೇ ಆಯ್ಕೆ ಎಂದು, ಅಮೆರಿಕನ್ ಫುಟ್‌ಬಾಲ್ ತಂಡವೊಂದರಲ್ಲಿ ರಕ್ಷಣೆಗೆ ನಿಲ್ಲುವ ಲೈನ್‌ಬ್ಯಾಕರ್‌ಗಳ ಕೋಚ್ ಡ್ವೇನ್ ಎಂದೋ ಮಾತು ಕೊಟ್ಟಿದ್ದನಂತೆ. ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯಲ್ಲಿ, ಜನನಪತ್ರದ ಸಾಲಿನಲ್ಲಿ, ಇಬ್ಬರೂ ನನ್ನ ಮುಂದೆಯೇ ನಿಂತಿದ್ದರು.

“ಬಫಲೋದಲ್ಲಿ ಹುಟ್ಟಿದೋನು ಮೈಕ್, ಡೆನ್ವರಲ್ಲಿ ಹುಟ್ಟಿದೋನು ವಿಲ್. ಎರಡೂ ನಿನ್ನ ಆಟಗಾರರು ಮೈದಾನದಲ್ಲಿ ನಿಲ್ಲೋ ಜಾಗದ ಹೆಸರಂತೆ. ನಂಗೆ ಗೊತ್ತಾಗಿದ್ದೇ ಆಮೇಲೆ.”

“ಈ ಸಲ ನಿಮ್ಮಜ್ಜಿ ಹೆಸರಿಡೋಣ ನೊರೀನ್, ಸ್ಯಾಮಂತಾ ಅಂತ. ನನ್ನ ಕೆಲಸ ಹೋದಾಗೆಲ್ಲ ಊಟ ಹಾಕಿದೋರು.”

“ಮೂರನೇ ಜಾಗಕ್ಕೆ ಏನಂತಾರೆ?”

ಅವನು ಬೂಟು ನೋಡಿಕೊಂಡ. “ಸ್ಯಾಮ್.”

“ಕೊಡು ಪೆನ್ನು.”

ಅವಳು ‘ಜ್ಯಾಕಿ’ ಎಂದು ಬರೆದು ಮಗುವಿನತ್ತ ಬಾಗಿದಳು. ಕಿಟಕಿಯ ಗುಮಾಸ್ತ ಮೆಲ್ಲಗೆ ನಕ್ಕ.

“ನಾಲ್ಕನೇ ಜಾಗ ಜ್ಯಾಕ್ ಅಲ್ವಾ, ಕೋಚ್?”

“ಏನಂದ ಅವನು?”

“ಹೆಸರು ಚೆನ್ನಾಗಿದೆ ಅಂದ. ನಡಿ, ಕಾರು ಅಡ್ಡ ನಿಲ್ಲಿಸಿದೀನಿ.”

ಹೊರಟುಹೋದರು. ಆಯ್ಕೆ ಅವಳದೇ. ಕೊಟ್ಟ ಮಾತು ಉಳಿಯಿತು.