ಓರೆ ಗೀಟು

೧೯೬೭ರ ಮಾಘ. ಗೋಕಾಕದ ಬಸ್ ನಿಲ್ದಾಣದಲ್ಲಿ ಶಿವಗಂಗಾ ಪುಸ್ತಕದಿಂದ ತಲೆ ಎತ್ತದೆಯೇ ಬಾಜೂದ ಅಕ್ಕ-ತಮ್ಮನ ಮಾತು ಕೇಳುತ್ತಿದ್ದಳು. ತಮ್ಮನ ತೊಡೆಯ ಮೇಲೆ ತೂತು ಹೊಡೆದ ಕಾರ್ಡುಗಳ ದಪ್ಪ ಕಟ್ಟು.

“ಅಕ್ಕಾ, ಇದನ್ನ ಯಾಕ ಬಿಚ್ಚಿದಿ?”

“ಇರುವಿ ಹತ್ತಿದ್ವೋ ದುರ್ಗಪ್ಪ. ಹಪ್ಪಳದಂಗ ಬಿಸಿಲಿಗೆ ಹರವಿದೆ. ಸಾಲು ತಪ್ಪಬಾರದಂತ ನೀ ಕಟ್ಟಿನ ಅಂಚಿಗೆ ಎಳೆದ ಓರೆ ಗೀಟು ಕೂಡಿಸಿ ಮತ್ತ ಜೋಡಸೇನಿ.”

“ಗೀಟು ನಡುವ ತುಂಡಾಗೈತಿ. ಒಂದು ಕಾರ್ಡ ಇಲ್ಲ.”

“ಅಷ್ಟರಾಗ ಒಂದು ಹೋದ್ರ ಏನಾತು?”

“ಮುಂಬಯಿ ಕಂಪ್ಯೂಟರ್ ಯಂತ್ರಕ್ಕ ಹೊಸ ಭಾಷೆ ಕಲಸಾಕತ್ತೇವಿ. ಆ ಭಾಷೆಯ ಪಟ್ಟಿ ಕಟ್ಟೂ ಕೆಲಸ ನಂದು, ಎಲ್ಲಾ ಇದರಾಗ ಐತಿ. ಪಟ್ಟಿಯೊಳಗ ಒಂದೊಂದು ಮಾತೂ ತನ್ನ ಮುಂದಿನದು ಎಲ್ಲೈತಿ ಅಂತ ಹೇಳತೈತಿ. ಈ ಕಟ್ಟೂ ಹಂಗ, ನಡುವಿಂದೊಂದು ಕಾರ್ಡ ಹೋದ್ರ ಮುಂದಿನವೆಲ್ಲ ಕಳದಂಗ. ನಾಳೆ ಆ ಯಂತ್ರ ನನಗ ಸಿಗೂದು ಒಂದು ತಾಸು ಅಷ್ಟ. ತಪ್ಪಿದ್ರ ಕೆಲಸ ಬ್ಯಾರೇದವಗ ಹೋಗತೈತಿ.”

ಅಕ್ಕ ಅವನ ಅಂಗಿಯತ್ತ ಕೈ ತೋರಿಸಿದಳು.

“ನಿನ್ನ ಕಿಸೆ ನೋಡು. ದಾರಿಗೆ ಕಾವಲಿರಲಿ ಅಂತ ದೇವರ ಅರಿಷಿಣ ಭಂಡಾರ ಕಟ್ಟಿಟ್ಟಿದ್ದೆ. ಆ ಕಾರ್ಡಿನಾಗ.”

ಅವನು ಪೊಟ್ಟಣ ಬಿಚ್ಚಿದ. ಮಡಿಕೆ ಬಿದ್ದಲ್ಲಿ ಎರಡು ತೂತು ಹರಿದು ಒಂದಾಗಿದ್ದವು.

“ಯಂತ್ರ ಇದನ್ನ ತಗೋತೈತೇನೋ?”

“ಗೊತ್ತಿಲ್ಲಕ್ಕಾ.”

ಬಸ್ಸು ಬಂತು. ಅವನು ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಕಾರ್ಡನ್ನು ಅಂಗೈಯಲ್ಲಿ ಒತ್ತಿ ಒತ್ತಿ ಸಪಾಟು ಮಾಡುತ್ತಲೇ ಹತ್ತಿದ.