ಬಿಟ್ಟ ಪಾತ್ರೆ, ಹಿಡಿದ ಲೋಟ

‘ನನ್ನ ದನಿ ಮೂರನೇ ಬೆಂಚಿಗೂ ಮುಟ್ಟುವುದಿಲ್ಲ. ಅಪ್ಪ ಕೂರುವುದು ನಾಲ್ಕನೆಯದರಲ್ಲಿ.’

ಭಾನುವಾರ ಬೆಳಿಗ್ಗೆ ದಿನಚರಿಯಲ್ಲಿ ಇಷ್ಟೇ ಬರೆದು ದಯಾಮಣಿ ಪೆನ್ನು ಮುಚ್ಚಿದಳು. ಬರೆಯದೆ ಉಳಿದದ್ದು ಇನ್ನೊಂದಿತ್ತು. ಹಿಂದಿನ ಸಂಜೆ ತಾನು ಸಿದ್ಧಮಾಡಿದ ದೃಷ್ಟಾಂತವನ್ನು ಅಪ್ಪನಿಗೆ ಪೂರ್ತಿ ಓದಿ, “ಸಭೆಯಾಗ ಹೇಳಲೇನಪ್ಪಾ?” ಎಂದು ಕೇಳಿದ್ದಳು. ಅಪ್ಪ “ಹೂಂ” ಎಂದಿದ್ದ. ಆದರೆ ದೇವಪುತ್ರಪ್ಪನ ಹೂಂ ಅನ್ನು ಯಾರು ನಂಬುತ್ತಾರೆ? ಅವನು ಯಾವುದಕ್ಕೆ ಹೂಂ ಎಂದಿಲ್ಲ?

ಅಂದು ಸ್ತ್ರೀಯರ ಭಾನುವಾರ. ನೇಕಾರರ ಓಣಿಯ ಆ ಸಣ್ಣ ಕ್ರೈಸ್ತ ದೇವಾಲಯದಲ್ಲಿ ವರ್ಷಕ್ಕೊಮ್ಮೆ ಸಭಾಪಾಲಕರು ಕೆಳಗೆ ಕೂತು, ಹೆಣ್ಣುಮಗಳೊಬ್ಬಳನ್ನು ಪ್ರಸಂಗಪೀಠಕ್ಕೆ ಹತ್ತಿಸುತ್ತಾರೆ. “ಬಿ.ಎ. ಮುಗಿಸಿದಾಕಿ, ಮನ್ಯಾಗ ಕುಂತು ಏನೇನೋ ಬರೀತಾಳ. ಈ ಸಲ ಆಕಿನ ಹೇಳಲಿ” ಎಂದು ಹೆಸರು ಕೊಟ್ಟವಳು ಎಸ್ತೇರವ್ವ. ಎಸ್ತೇರವ್ವ ಕೊಟ್ಟದ್ದನ್ನು ಒಲ್ಲೆ ಎನ್ನುವ ರೂಢಿ ಆ ಸಭೆಯಲ್ಲಿಲ್ಲ. ಹೆಸರಾಗಲಿ, ಆರಾಧನೆಯ ನಂತರದ ಪ್ರೀತಿಭೋಜನಕ್ಕೆ ಅವಳೇ ಕಲಸಿ ಕೈಗಿಡುವ ನಿಂಬೆ ಶರಬತ್ತಾಗಲಿ.

ಆ ಶರಬತ್ತಿನದೇ ದಯಾಮಣಿಗೆ ಚಿಂತೆ. ಕೆಟ್ಟ ನೀರಿನಿಂದ ಓಣಿಯ ಮೂರು ಮನೆಗಳಲ್ಲಿ ಕಾಮಣಿ, ಅಂದರೆ ಕಾಮಾಲೆ, ಎದ್ದಿತ್ತು. ಅಪ್ಪನ ಲಿವರ್ ಮೊದಲೇ ಸೋತದ್ದು. “ಬ್ಯಾರೇದವರಿಗೆ ಕಾಮಣಿ ಬಂದ್ರ ತಿಂಗಳು ಮಲಗಿ ಏಳತಾರ. ಇವರು ಏಳದೇ ಇರಬಹುದು” ಎಂದು ಡಾಕ್ಟರು ಅವಳೊಬ್ಬಳನ್ನೇ ಕರೆದು ಹೇಳಿದ್ದರು. ಸಂಗತಿ ಮನೆಯ ಹೊಸ್ತಿಲು ದಾಟಿರಲಿಲ್ಲ.

ಪೀಠ ಹತ್ತಿದರೆ ಪಕ್ಕದ ಕಿಟಕಿಯಲ್ಲಿ ಬೇವಿನ ಮರ ಕಾಣುತ್ತದೆ. ಮರದ ಬುಡದಲ್ಲಿ ಶರಬತ್ತಿನ ಹಂಡೆ, ಅದರೊಳಗೆ ತೇಲುವ ಐಸು.

“ದೇವರ ಮಕ್ಕಳೇ...” ಎಂದಳು.

“ಜೋರ್ ಹೇಳವ್ವಾ, ನಾವೇನು ಹುಲಿ ಅಲ್ಲ!” ಎಂದಳು ಮುಂದಿನ ಬೆಂಚಿನ ಎಸ್ತೇರವ್ವ. ಸಭೆ ನಕ್ಕಿತು. ಆ ನಗುವಿನಲ್ಲಿ ದಯಾಮಣಿಗೆ ಸ್ವಲ್ಪ ಉಸಿರು ಸಿಕ್ಕಿತು.

“ನೋಡ್ರಿ, ಒಂದೂರಾಗ ಒಬ್ಬ ಶ್ರೀಮಂತ ಇದ್ದ. ರೊಕ್ಕದಾಗ ಅಲ್ಲ, ರೊಕ್ಕದಾಗ ಅವನೂ ನಮ್ಮಂಗ. ‘ಹೂಂ’ ಅನ್ನೂದರಾಗ ಶ್ರೀಮಂತ. ಮದುವಿಗೆ ಬೆಂಚು ಹೊರ್ತೀಯಾ? ಹೂಂ. ಮಣ್ಣಿಗೆ ಬರ್ತೀಯಾ? ಹೂಂ. ಉಂಡೀಯಾ? ಹೂಂ. ಇನ್ನೊಮ್ಮೆ ಉಣ್ತೀಯಾ? ಅದಕ್ಕೂ ಹೂಂ! ‘ಒಲ್ಲೆ’ ಅನ್ನೂದರಾಗ ಮಾತ್ರ ಕಡುಬಡವ. ಆ ಮಾತು ಅವನ ಮನ್ಯಾಗ ಕಡಾ ಕೇಳಿದ್ರೂ ಸಿಗತಿರಲಿಲ್ಲ.

“ಇವನ ಮನ್ಯಾಗ ಒಬ್ಬ ಮುದುಕ ಆಳಿದ್ದ. ಎಲ್ಲಿ? ಇಲ್ಲಿ.” ಬಲಪಕ್ಕೆಯ ಕೆಳಗೆ ಅಂಗೈ ಇಟ್ಟು ತೋರಿಸಿದಳು. “ನಾವು ಉಂಡದ್ದು, ಕುಡಿದದ್ದು, ನುಂಗಿದ ಗುಳಿಗಿ, ಎಲ್ಲಾ ಈ ಆಳಿನ ಕೈಮ್ಯಾಲೆ ಹಾದು ಹೋಗಬೇಕು. ಕೇರೋದು ಅವನ, ಹಸನ ಮಾಡೋದು ಅವನ. ಅವನ ಹೆಸರು ಲಿವರ್. ಅವನ ಗುಣ ಏನು ಗೊತ್ತೇನ್ರಿ? ಬ್ಯಾನಿ ಅಂತ ಬಾಯಿ ಬಿಡೂದಿಲ್ಲ. ಅರ್ಧಾ ಸವೆದಿದ್ರೂ ಸುಮ್ಮನ ದುಡೀತಾನ.”

“ನನ್ನಂಗ ನೋಡು” ಎಂದಳು ಎಸ್ತೇರವ್ವ.

“ನೀ ಬಾಯಿ ಬಿಡದಾಕಿ ಏನಬೇ!” ಎಂದರು ಹಿಂದಿನಿಂದ ಯಾರೋ. ಸಭಾಪಾಲಕರೂ ಕರವಸ್ತ್ರ ಹಿಡಿದು ನಕ್ಕರು.

“ಬಹಳ ವರ್ಷದ ಹಿಂದ, ಸೂಜಿ ಕುದಿಸದ ಯಾವನೋ ಒಬ್ಬನ ಕೈಯಿಂದ ಈ ಮನಿಗೆ ಒಬ್ಬ ಬಿಟ್ಟಿ ಬಿಡಾರದಾವ ಬಂದು ಹೊಕ್ಕ. ಹೆಪಟೈಟಿಸ್ ಬಿ ಅಂತ ಅವನ ಹೆಸರು. ಇಪ್ಪತ್ತು ವರ್ಷ ಒಳಗ ಕುಂತು ಆಳಿನ ರಟ್ಟಿ ಸವೆಸಿದ. ಒಂದಿನ ಡಾಕ್ಟ್ರು ಅಂದ್ರು, ‘ನಿನ್ನ ಲಿವರ್ ಗಂಟುಗಟ್ಟೈತಿ.’ ನಮ್ಮ ಶ್ರೀಮಂತ ಒಂದು ಹನಿ ಸೆರೆ ಮುಟ್ಟಿದಾವಲ್ಲ. ಆದ್ರ ನಾವು ಏನಂತೀವಿ? ‘ಲಿವರ್ ಹೋಗೈತಿ ಅಂದ್ರ ಕುಡೀತಾನ.’ ಅಂತೀವೋ ಇಲ್ಲೋ?”

ಇಬ್ಬರು ಸೆರಗು ಸರಿಮಾಡಿಕೊಂಡರು.

“ಆ ಮಾತಿಗೆ ಅಂಜಿ ಅವ ಯಾರಿಗೂ ಹೇಳಲಿಲ್ಲ. ಮ್ಯಾಲೆ ಇನ್ನೊಂದು ತಪ್ಪು ಮಾಡಿದ. ನಮ್ಮಂಥವರು ಮಾತ್ರ ಮಾಡೋ ತಪ್ಪು. ಕರ್ತನ ಭೋಜನದಾಗ ರೊಟ್ಟಿ ತಗೊಂಡ. ಪಾತ್ರೆ ಬಂತು...”

ಇಲ್ಲಿಗೆ ಬಂದು ಅವಳು ಕಾಗದದಿಂದ ಕಣ್ಣೆತ್ತಿದಳು. ಮೂರು ತಿಂಗಳಿಂದ ಕರ್ತನ ಭೋಜನದ ದ್ರಾಕ್ಷಾರಸದ ಪಾತ್ರೆಯನ್ನು ತುಟಿಗೆ ಹಚ್ಚದೆ ಮುಂದೆ ಕಳಿಸಿದವರು ಈ ಸಭೆಯಲ್ಲಿ ಒಬ್ಬರೇ. ಎಲ್ಲರೂ ನೋಡಿದ್ದರು. ಗುಟ್ಟಾಗಿ ಕುಡಿಯುತ್ತಾನೆ, ಮನಸ್ಸು ಚುಚ್ಚುತ್ತದೆ, ಅದಕ್ಕೇ ಪಾತ್ರೆ ಮುಟ್ಟುವುದಿಲ್ಲ ಎಂದು ಹೊರಗೆ ಚಪ್ಪಲಿ ಮೆಟ್ಟುವಾಗ ಆಡಿಕೊಂಡೂ ಇದ್ದರು. ಈಗ ಒಬ್ಬರ ತಲೆಯೂ ನಾಲ್ಕನೇ ಬೆಂಚಿನ ಕಡೆ ತಿರುಗಲಿಲ್ಲ. ಹಾಗೆ ತಿರುಗದಿದ್ದುದೇ ತಿರುಗಿ ನೋಡಿದ್ದಕ್ಕಿಂತ ಹೆಚ್ಚು ಹೇಳಿತು. ಅವಳು ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು ನಿಂತಳು.

“ಹೂಂ” ಎಂದ ದೇವಪುತ್ರಪ್ಪ.

ಒಪ್ಪಿಬಿಡುವ ಹಳೆಯ ಹೂಂ ಅಲ್ಲ ಅದು. ಕಥೆ ಹೇಳುವವರು ನಿಂತರೆ, ಮುಂದೆ ಹೇಳು, ಕೇಳುತ್ತಿದ್ದೇನೆ ಎಂದು ಹೂಂಗುಡುತ್ತಾರಲ್ಲ, ಆ ಹೂಂ. ಅವನು ತಲೆ ಎತ್ತಿಯೇ ಕೂತಿದ್ದ.

ದಯಾಮಣಿ ಮುಂದುವರಿಸಿದಳು.

“ಪಾತ್ರೆ ಬಂತು. ಎಲ್ಲಾರೂ ತುಟಿ ಹಚ್ಚೋ ಪಾತ್ರೆ. ‘ನನ್ನ ರೋಗ ನನ್ನ ಜನಕ್ಕ ಹತ್ತಬಾರದು’ ಅಂತ ಮುಟ್ಟದ ಮುಂದ ಕಳಿಸಿದ. ಮನ್ಯಾಗ ಗಂಗಾಳ ಬ್ಯಾರೆ ಮಾಡಿದ, ಮಗಳ ತಲಿ ಸವರೂದೂ ಬಿಟ್ಟ. ಆದ್ರ ನೋಡ್ರಿ, ಹೆಪಟೈಟಿಸ್ ಬಿ ಪಾತ್ರೆಯಿಂದ ಹತ್ತೂದಿಲ್ಲ. ಅದು ರಕ್ತದ ದಾರಿಗೆ ಬರತೈತಿ. ಸೂಜಿ, ಬ್ಲೇಡು, ಗಂಡ ಹೆಂಡತಿ ಸಂಬಂಧ, ಹಡೆಯುವಾಗ ತಾಯಿಂದ ಕೂಸಿಗೆ. ಕೂಡಿ ಉಂಡ್ರ ಇಲ್ಲ. ಒಂದ ಲೋಟದಾಗ ಕುಡಿದ್ರ ಇಲ್ಲ. ತಲಿ ಸವರಿದ್ರ ಇಲ್ಲವೇ ಇಲ್ಲ.

“ಪಾತ್ರೆ ಬಿಟ್ಟ. ಏನು ಬಿಡಲಿಲ್ಲ? ಹೊರಗ ಬಂದ ಕೂಡಲೆ ಯಾರೋ ಪ್ರೀತಿಯಿಂದ ಒಂದು ಲೋಟ ಕೈಗಿಟ್ರು. ಕುದಿಸದ ನೀರು. ಎಲ್ಲಿಂದಲೋ ತಂದ ಐಸು. ಊರಾಗ ಕೊಳವಿ ಒಡೆದು ಗಟಾರ ಕೂಡಿತ್ತು. ಅಂಥ ನೀರಾಗ ಬ್ಯಾರೆ ಜಾತಿಯ ಕಾಮಣಿ ಇರತೈತಿ, ಎ ಅಂತ ಒಂದು, ಇ ಅಂತ ಒಂದು. ನಾವು ಎಲ್ಲಾದಕ್ಕೂ ಕಾಮಣಿ ಅಂತ ಒಂದ ಹೆಸರಿಟ್ಟು ಕುಂತೀವಿ. ಗಟ್ಟಿ ಆಳಿರೋ ಮನಿಗೆ ಅದು ಬಂದ್ರ ಬಹಳ ಮಂದಿ ಎದ್ದು ಓಡಾಡತಾರ. ಸವೆದ ಆಳಿನ ಮನಿಗೆ ಬಂದ್ರ? ಒಬ್ಬ ಮೊದಲ ಕುತ್ತಿಗಿ ಮ್ಯಾಲೆ ಕುಂತಾನ. ಇನ್ನೊಬ್ಬ ಬಂದು ಹೆಗಲು ಹತ್ತಿದ್ರ ಮುದುಕ ಏಳ್ತಾನೇನ್ರಿ?”

“ಎಲ್ಲಿ ಏಳ್ತಾನವ್ವ...” ಎಂದಿತು ಹೆಣ್ಣುಮಕ್ಕಳ ಸಾಲು, ಮೆಲ್ಲಗೆ.

“ಯಾರಿಗೂ ಕೆಡಕು ಮಾಡದ ಪಾತ್ರೆ ಬಿಟ್ಟ. ತನ್ನನ್ನ ಮುಗಿಸಬಹುದಾದ ಲೋಟ ಹಿಡಿದ. ಬಿಟ್ಟದ್ದೂ ಪ್ರೀತಿಗೆ, ಹಿಡಿದದ್ದೂ ಪ್ರೀತಿಗೆ. ಕೊಟ್ಟವರದೂ ಪ್ರೀತಿನ. ಆದ್ರ ನೀರಿಗೆ ಹೆಂಗೋ ಹಂಗ, ಪ್ರೀತಿಗೂ ಒಂದು ಕುದಿ ಬರಬೇಕ್ರಿ.

“ಈಗ ನಮ್ಮ ಮಾತು. ಇವತ್ತಿನಿಂದ ನೀರು ಕುದಿಸೋಣು. ಉಗುರುಬೆಚ್ಚಗಲ್ಲ, ಕೊತಕೊತ. ನಿಮ್ಮ ಮನ್ಯಾಗ ಲಿವರ್ ಸೋತವರಿದ್ರ ಡಾಕ್ಟ್ರಿಗೆ ಕೇಳ್ರಿ, ಎ ಮತ್ತು ಬಿ ಎರಡಕ್ಕೂ ಲಸಿಕೆ ಐತಿ, ಯಾರಿಗೆ ಯಾವುದು ಬೇಕು ಅವರು ಹೇಳತಾರ. ಒಬ್ಬರಿಗೆ ಬಿ ಇದ್ರ ಮನಿಮಂದಿ ಎಲ್ಲಾ ರಕ್ತ ತೋರಿಸಿಕೊಳ್ರಿ. ಲಿವರ್ ಸೋತವರ ಕಣ್ಣು ಹಳದಿ ಆತಂದ್ರ ಸೊಪ್ಪು ತಪ್ಪಲದ ರಸ ಬ್ಯಾಡ, ಕೈಗೆ ಬರೆ ಬ್ಯಾಡ, ಅವತ್ತ ದವಾಖಾನಿಗೆ ಹೋಗ್ರಿ. ಲಿವರ್ ಅಂದ ಕೂಡಲೆ ಸೆರೆ ಅನ್ನೂದು ಬಿಡೋಣು. ಮತ್ತ, ಯಾರಾದ್ರೂ ಒಂದು ಲೋಟ ಒಲ್ಲೆ ಅಂದ್ರ ಸಿಟ್ಟಾಗಬ್ಯಾಡ್ರಿ. ಒಲ್ಲೆ ಅನ್ನಾಕ ಅವರಿಗೆ ಎಷ್ಟು ವರ್ಷ ಹಿಡಿದೈತೋ ಯಾರಿಗೆ ಗೊತ್ತು?”

ಕಾಗದ ಮುಗಿದಿತ್ತು. ಕೊನೆಯ ಸಾಲು ‘ಪ್ರಾರ್ಥಿಸೋಣ’ ಎಂದಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಎಸ್ತೇರವ್ವ ಬೆಂಚು ಹಿಡಿದು ಎದ್ದು ನಿಂತಳು. ಕಿಟಕಿಯಾಚೆಯ ಹಂಡೆ ನೋಡಿದಳು. ನಲವತ್ತು ವರ್ಷ ಶರಬತ್ತು ಕಲಸಿದ ಕೈಯನ್ನು ಸೀರೆಗೆ ಒರೆಸಿಕೊಂಡಳು.

“ಅದಕ್ಕ ನಳದ ನೀರ ಹಾಕೀನವ್ವಾ” ಎಂದಳು. ಇದ್ದಕ್ಕಿದ್ದಂತೆ ಅವಳ ದನಿ ಸಣ್ಣದಾಗಿತ್ತು. “ಅದನ್ನ ಗಿಡಕ್ಕ ಚೆಲ್ಲತೀನಿ, ಚಾ ಕಾಸತೀನಿ. ಆದ್ರ ನೀ ಕಥಿ ಪೂರ್ತಿ ಹೇಳಲಿಲ್ಲಲ್ಲ. ಆ ಶ್ರೀಮಂತ ಆ ಲೋಟ ಕುಡಿದನೋ, ಬಿಟ್ಟನೋ? ಅವನ ಮುಂದಿನ ಗತಿ ಏನಾತು?”

ಅದು ಕಾಗದದಲ್ಲಿರಲಿಲ್ಲ. ದಯಾಮಣಿ ಕಾಗದವನ್ನು ಮಡಚಿ ಬೈಬಲಿನೊಳಗಿಟ್ಟಳು. ನಾಲ್ಕನೇ ಬೆಂಚಿನಲ್ಲಿ ಅಪ್ಪ ಬಾಯಿ ಅರೆತೆರೆದು ಕೂತಿದ್ದ, ಅವಳು ಏನು ಹೇಳಿದರೂ ಹೂಂ ಎನ್ನಲು ಸಿದ್ಧನಾದವನಂತೆ.

“ಮುಂದಿಂದು ಅವನ ಕೈಯಾಗ ಐತಿ ಎಸ್ತೇರವ್ವ” ಎಂದಳು. ಅವಳ ದನಿ ಮೂರನೇ ಬೆಂಚು ದಾಟಿತು, ನಾಲ್ಕನೆಯದನ್ನು ಮುಟ್ಟಿತು, ಬಾಗಿಲವರೆಗೂ ಹೋಯಿತು. “ಅಪ್ಪಾ, ಇನ್ನ ಒಲ್ಲೆ ಅನ್ನೂದ ಕಲಿ. ನನಗ ನೀ ಬೇಕು.”